ನಗಣ್ಯ

ಗೇಟು ಮೂರು ಹೆಸರು ಹೇಳಿತು. “ವಾರಿಜ. ಗುಲಾಬಿ. ದಿನಕರ. ಸ್ವಾಗತ.”

ಒಳಗೆ ಬಂದವರು ಇಬ್ಬರೇ. ಮುಂದೆ ವಾರಿಜ, ಅವಳ ಕೈ ಹಿಡಿದುಕೊಂಡು ಕಣ್ಣು ಮಂಜಾದ ಅತ್ತೆ ಗುಲಾಬಿ. ಮೂರನೆಯ ಹೆಸರಿನವನು ವಾರಿಜಳ ಗಂಡ, ಗುಲಾಬಿಯ ಒಬ್ಬನೇ ಮಗ. ಕಡಲ ನಡುವೆ ಅವನು ಕೆಲಸ ಮಾಡುತ್ತಿದ್ದ, ಗಾಳಿಯಿಂದ ವಿದ್ಯುತ್ ತೆಗೆಯುವ ಗೋಪುರದ ಕ್ರೇನು ಮುರಿದು ನೀರಿಗೆ ಬಿದ್ದು ಎರಡು ವಾರವಾಗಿತ್ತು. ನಾಲ್ವರ ಹೆಣ ಸಿಕ್ಕಿತ್ತು. ದಿನಕರನದು ಸಿಕ್ಕಿರಲಿಲ್ಲ. ಅವನು ಕಾಣೆಯಾಗಿದ್ದಾನೆಂದು ದೂರು ಕೊಡಲು ಹೋಗಿ, ಠಾಣೆಯ ಬೆಂಚಿನ ಮೇಲೆ ಅರ್ಧ ದಿನ ಕೂತು, “ನಾಳೆ ಬನ್ನಿ” ಎನ್ನಿಸಿಕೊಂಡು ಇಬ್ಬರೂ ಹಿಂದಿರುಗುತ್ತಿದ್ದರು. ಅಂಥ ಹೊತ್ತಿನಲ್ಲಿ ಈ ಗೇಟು ಜೇನು ಸುರಿಯುವ ದನಿಯಲ್ಲಿ ಸತ್ತವನನ್ನು ಸ್ವಾಗತಿಸಿತು. ವಾರಿಜಳಿಗೆ ಒಂದು ಕಲ್ಲೆತ್ತಿ ಅದರ ಬಾಯಿಗೆ ಬಡಿಯಬೇಕೆನ್ನಿಸಿತು.

ಗುಲಾಬಿ ನಿಂತಲ್ಲೇ ನಿಂತಳು. “ಹೆಣೆ, ಕೇಂಡ್ಯಾ? ಅವ ಬಂದಿದ್ದ!”

“ಇಲ್ಲೆ ಅತ್ತೆ. ಗೇಟಿಗೆ ತಲೆ ಕೆಟ್ಟಿತ್.”

“ತಿರ್ಗಿ ಕಾಣ್ ಮಾರಾಯ್ತಿ. ನನ್ ಕಣ್ಣಿಗಂತೂ ಮಂಜು. ನಿಂಗಾರೂ ಕಾಣ್ಕಲ್ದಾ?”

ಭೌತಶಾಸ್ತ್ರ ಓದಿದವಳು, ಲೋಹಗಳ ಒಳಗನ್ನು ಅಳೆಯುವುದೇ ಕೆಲಸವಾದವಳು, ಆದರೂ ವಾರಿಜ ತಿರುಗಿ ನೋಡಿದಳು. ರಸ್ತೆಯಲ್ಲಿ ಒಂದು ನಾಯಿ ಇತ್ತು, ಐಸ್ ಇಳಿಸುತ್ತಿದ್ದ ಮೀನಿನ ಗಾಡಿ ಇತ್ತು. ತಿರುಗಿ ನೋಡಿದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಈ ಗೇಟಿನ ಕಥೆಯನ್ನು ಸ್ವಲ್ಪ ಹೇಳಲೇಬೇಕು. ಶುದ್ಧ ಲೋಹದ ತುಂಡೊಂದನ್ನು ಬಲವಾದ ಅಯಸ್ಕಾಂತದ ನಡುವೆ ಇಟ್ಟರೆ ಅದರೊಳಗಿನ ಇಲೆಕ್ಟ್ರಾನುಗಳು ಸುತ್ತತೊಡಗುತ್ತವೆ. ಮನಸ್ಸಿಗೆ ಬಂದಂತೆ ಸುತ್ತುವ ಹಾಗಿಲ್ಲ, ಕ್ವಾಂಟಂ ನಿಯಮ ಗೆರೆ ಹಾಕಿಕೊಟ್ಟ ಸುತ್ತುಗಳಲ್ಲೇ ಸುತ್ತಬೇಕು. ಅಯಸ್ಕಾಂತದ ಬಲ ಏರಿಸುತ್ತ ಹೋದಂತೆ ಒಂದೊಂದೇ ಸುತ್ತು ಹಿಗ್ಗಿ ಖಾಲಿಯಾಗುತ್ತದೆ, ಹಾಗೆ ಖಾಲಿಯಾದಾಗಲೆಲ್ಲ ಲೋಹದ ಕಾಂತತೆ ಒಮ್ಮೆ ಏರಿ ಒಮ್ಮೆ ಇಳಿಯುತ್ತದೆ. ಆ ಏರಿಳಿತಕ್ಕೆ ಪ್ರಯೋಗಾಲಯದವರು ಪ್ರೀತಿಯಿಂದ ‘ಸ್ವರ’ ಎನ್ನುತ್ತಿದ್ದರು. ಹಿಂದೆ ಅದನ್ನು ಕೇಳಬೇಕಾದರೆ ದ್ರವ ಹೀಲಿಯಂನ ಕೊರೆಯುವ ಚಳಿ ಬೇಕಿತ್ತು. ವಾರಿಜಳ ಪ್ರಯೋಗಾಲಯದಲ್ಲಿ ಹುಟ್ಟಿದ ಹೊಸ ಮಿಶ್ರಲೋಹಕ್ಕೆ ಚಳಿ ಬೇಡ, ಭಾರೀ ಅಯಸ್ಕಾಂತವೂ ಬೇಡ. ಮೈಬಿಸಿಯಲ್ಲೇ ಅದು ಸ್ವರ ಹಿಡಿಯುತ್ತದೆ.

ಇಷ್ಟು ಸಿಕ್ಕ ಮೇಲೆ ಸರಕಾರ ಬಿಡುತ್ತದೆಯೇ? ಆ ಲೋಹದಿಂದ ಕಡಗ ಮಾಡಿಸಿತು. ಒಂದೊಂದನ್ನೂ ಒಂದೊಂದು ಹದಕ್ಕೆ ಎಳೆದು, ಒಂದರ ಸ್ವರ ಇನ್ನೊಂದಕ್ಕೆ ಬಾರದಂತೆ ಮಾಡಿ, ಊರಿನವರ ಮಣಿಕಟ್ಟಿಗೆಲ್ಲ ತೊಡಿಸಿತು. ಒಮ್ಮೆ ತೊಟ್ಟರೆ ಕತ್ತರಿಸಿಯೇ ತೆಗೆಯಬೇಕು. ಗೇಟಿನ ಕಂಬಗಳಲ್ಲಿ ಅಡಗಿದ ಅಯಸ್ಕಾಂತ ಕ್ಷಣಮಾತ್ರ ಎದ್ದು, ಕಡಗದ ಸ್ವರ ಕೇಳಿ, ಹೆಸರು ಹೇಳುತ್ತದೆ. ಕಾರ್ಡು ಬೇಡ, ಬೆರಳಚ್ಚು ಬೇಡ. ‘ಲೋಹ ಸುಳ್ಳು ಹೇಳುವುದಿಲ್ಲ’ ಎಂದು ಬಸ್‌ಸ್ಟ್ಯಾಂಡಿನಿಂದ ಬಂದರಿನವರೆಗೂ ದೊಡ್ಡ ದೊಡ್ಡ ಬೋರ್ಡು ಹಾಕಿದ್ದರು. ಕಡಲ್ಕೊರೆತದಲ್ಲಿ ಮನೆ ಕಳೆದುಕೊಂಡವರಿಗೆಂದು ಕಟ್ಟಿದ ಈ ಕಾಲೊನಿಗೆ ಕುಡಿಯುವ ನೀರಿನ ನಲ್ಲಿ ಬರುವ ಮೊದಲೇ ಮಾತಾಡುವ ಗೇಟು ಬಂದಿತ್ತು.

ಗೇಟು ಹೇಳಿದ ಹೆಸರು ಅಲ್ಲಿಗೇ ಮುಗಿಯುವುದಿಲ್ಲ. ಅದು ಎಲ್ಲೆಲ್ಲಿಗೋ ಹೋಗಿ ದಾಖಲಾಗುತ್ತದೆ. ಊರವರು ‘ಗಾಳಿ ಕಂಪನಿ’ ಎಂದು ಕರೆಯುತ್ತಿದ್ದ ಆ ಗೋಪುರದ ಮಾಲೀಕರಿಗೆ ಅದು ಬಾಯಿಗೇ ಬಿದ್ದ ತುತ್ತಾಯಿತು. ಕೆಲಸಗಾರರು ದೋಣಿ ಹತ್ತುವ ಅವರ ಜೆಟ್ಟಿಯ ಗೇಟಿನಲ್ಲಿ ಅಪಘಾತದ ದಿನ ದಿನಕರನ ಹೆಸರೇ ಇರಲಿಲ್ಲ. ಸತ್ತನೆಂದಾದ ಮೇಲೋ, ದಿನಾ ಸಂಜೆ ಮನೆಯ ಗೇಟಿನಲ್ಲಿ ಅವನ ಹೆಸರು ಕೇಳುತ್ತಿತ್ತು. ಇನ್ನೇನು ಬೇಕು? ಕ್ರೇನಿನ ಬೋಲ್ಟು ಬಿಗಿಮಾಡುವ ಕೆಲಸ ಅವನದು, ಅವನು ಕೆಲಸಕ್ಕೇ ಬಂದಿಲ್ಲ, ಅವನ ಬೇಜವಾಬ್ದಾರಿಯಿಂದ ನಾಲ್ಕು ಜನ ಸತ್ತಿದ್ದಾರೆ, ಈಗ ಹೆಂಡತಿಯ ಸೆರಗಿನಲ್ಲಿ ಅಡಗಿದ್ದಾನೆ ಎಂದು ಕಂಪನಿ ಬರೆದುಕೊಟ್ಟಿತು. ಪತ್ರಿಕೆಯಲ್ಲಿ ಫೋಟೋ ಬಂತು. ಕೆಳಗೆ ‘ಪರಾರಿ’ ಎಂದಿತ್ತು.

ಆ ಪತ್ರಿಕೆಯನ್ನು ಹಿಡಿದುಕೊಂಡೇ ವಾರಿಜ ನಿರ್ದೇಶಕರ ಕೋಣೆಗೆ ನುಗ್ಗಿದಳು. ಡಾ. ಸಚ್ಚಿದಾನಂದ ಅವಳಿಗೆ ಕುರ್ಚಿ ತೋರಿಸಿದರು. ಅವಳು ಕೂರಲಿಲ್ಲ.

“ಸರ್, ಎರಡು ಕಡಗ ಹತ್ತಿರ ಬಂದರೆ ಒಂದರ ಕಾಂತತೆ ಇನ್ನೊಂದಕ್ಕೆ ತಾಗುತ್ತದೆ. ಲೋಹಕ್ಕೆ ಹೊರಗಿನ ಅಯಸ್ಕಾಂತದ ಬಲ ಮಾತ್ರ ಗೊತ್ತಾಗುವುದಲ್ಲ. ತಾನೇ ಹುಟ್ಟಿಸಿದ್ದು, ಪಕ್ಕದವರು ಹುಟ್ಟಿಸಿದ್ದು, ಎಲ್ಲವೂ ಸೇರಿ ಅದರ ಒಳಗಿನ ಇಲೆಕ್ಟ್ರಾನಿಗೆ ತಟ್ಟುತ್ತದೆ. ಆಗ ಎರಡೂ ಸ್ವರ ಬೆರೆತು ಇಲ್ಲದ ಮೂರನೆಯ ಸ್ವರ ಹುಟ್ಟುತ್ತದೆ. ಕಡಗಕ್ಕೆ ಒಪ್ಪಿಗೆ ಕೊಡುವ ಮುಂಚೆ ಸಭೆಯಲ್ಲಿ ನಾನಿದನ್ನು ಕೇಳಿದ್ದೆ.”

“ಕೇಳಿದ್ದಿರಿ. ನಾನು ಉತ್ತರ ಕೊಟ್ಟಿದ್ದೆನಲ್ಲ. ಪರಸ್ಪರ ಪರಿಣಾಮ ನಗಣ್ಯ. ವರದಿಯಲ್ಲೂ ಹಾಗೇ ಇದೆ.”

“ಒಂದು ಗೇಣು ದೂರದಲ್ಲಿ ನಗಣ್ಯ. ಕೈ ಕೈ ಹಿಡಿದುಕೊಂಡರೆ?”

“ಗೇಟಿನಲ್ಲಿ ಜನ ಒಬ್ಬೊಬ್ಬರಾಗಿ ಬರುತ್ತಾರೆ ವಾರಿಜ.”

“ಯಾವ ಊರಲ್ಲಿ ಸರ್?”

ಸಚ್ಚಿದಾನಂದರು ಕನ್ನಡಕ ತೆಗೆದು ಒರೆಸಿದರು. ಅವರು ಕೆಟ್ಟವರೇನಲ್ಲ. ಮಕ್ಕಳ ಕೈ ಹಿಡಿದು ಸಂತೆಗೆ ಹೋದವರಲ್ಲ, ಮುದುಕಿಯ ಕೈ ಹಿಡಿದು ಬಸ್ಸು ಹತ್ತಿಸಿದವರಲ್ಲ, ಅಷ್ಟೆ. ಹಾಗಾಗಿ ಅವರ ಲೆಕ್ಕದಲ್ಲಿ ಜನ ಒಬ್ಬರಿಗೊಬ್ಬರು ಗೇಣು ದೂರದಲ್ಲಿ ನಡೆಯುತ್ತಿದ್ದರು. “ಒಂದು ವೇಳೆ ಮೂರನೆಯ ಸ್ವರ ಹುಟ್ಟಿತೆಂದೇ ಇಟ್ಟುಕೊಳ್ಳಿ,” ಎಂದರು. “ಅದು ಸರಿಯಾಗಿ ನಿಮ್ಮ ಗಂಡನ ಸ್ವರವೇ ಆಗಬೇಕೆಂದು ಏನಿದೆ? ಲಕ್ಷಾಂತರ ಸ್ವರಗಳಿವೆ. ನೀವು ದುಃಖದಲ್ಲಿದ್ದೀರಿ. ರಜೆ ತೆಗೆದುಕೊಳ್ಳಿ.”

ಆ ಪ್ರಶ್ನೆಗಿಂತ ಹೆಚ್ಚಾಗಿ ‘ದುಃಖದಲ್ಲಿದ್ದೀರಿ’ ಎಂದ ಮಾತಿಗೆ ಅವಳ ಮೈ ಉರಿಯಿತು. ಗಂಡಸರು ಸಿಟ್ಟು ಮಾಡಿದರೆ ಸಿಟ್ಟು, ಹೆಂಗಸರು ಸಿಟ್ಟು ಮಾಡಿದರೆ ದುಃಖ. ಬಾಗಿಲನ್ನು ದಡಾರನೆ ಎಳೆದುಕೊಂಡು ಹೊರಗೆ ಬಂದಳು.

ಮನೆಯಲ್ಲಿ ಬೇರೆಯೇ ಕಥೆ ನಡೆದಿತ್ತು. ಗುಲಾಬಿ ಮಗನಿಗೆಂದು ತಟ್ಟೆ ಇಡತೊಡಗಿದ್ದಳು. ಬಂಗುಡೆ ಹುರಿದರೆ ದೊಡ್ಡದನ್ನು ಎತ್ತಿ ಮುಚ್ಚಿಡುತ್ತಿದ್ದಳು. ಸಂಜೆಯಾಯಿತೆಂದರೆ ಸೊಸೆಯ ಹಿಂದೆ ಬೀಳುತ್ತಿದ್ದಳು. “ಹೆಣೆ, ಒಂಚೂರು ಹೊರ್ಗ್ ಹೋಯಿ ಬಪ್ಪ, ಬಾ.” ಹೊರಗೆ ಹೋಗುವುದು ಯಾಕೆಂದು ಇಬ್ಬರಿಗೂ ಗೊತ್ತು. ಗೇಟು ದಾಟಿ ಮೀನಂಗಡಿಯವರೆಗೆ ಹೋಗುವುದು, ತಿರುಗಿ ಬರುವುದು, ಗೇಟು ಹೆಸರು ಹೇಳುವುದು. ಮಗನ ಹೆಸರು ಕಿವಿಗೆ ಬಿದ್ದ ಕೂಡಲೆ ಗುಲಾಬಿ ಸೊಸೆಯ ಕೈಯನ್ನು ಒತ್ತುತ್ತಿದ್ದಳು. ಬದುಕಿದ್ದಾಗ ತಾಯಿಯ ಕೈ ಹಿಡಿದು ನಡೆಸುವುದು ದಿನಕರನ ಕೆಲಸವಾಗಿತ್ತು. ಈಗ ಅದು ವಾರಿಜಳದು. ಕೈ ಬಿಟ್ಟರೆ ಮುದುಕಿ ಚರಂಡಿಗೆ ಬೀಳುತ್ತಾಳೆ, ಹಿಡಿದರೆ ಗೇಟು ಹೆಣವನ್ನು ಕರೆಯುತ್ತದೆ.

ನೆರೆಯವರಿಗೋ ಪೇಚಾಟ. ಸಮಾಧಾನ ಹೇಳಲು ಬರಬೇಕೋ, ಸಂತೋಷ ಹೇಳಲು ಬರಬೇಕೋ ತಿಳಿಯದೆ ಬಾಗಿಲವರೆಗೆ ಬಂದು ತಿರುಗಿ ಹೋಗುತ್ತಿದ್ದರು. ವಾರಿಜಳ ಮುಖ ಕಂಡರೆ ಮಾತಾಡಿಸಲು ಹೆದರುತ್ತಿದ್ದರು.

ಒಂದು ಬೆಳಿಗ್ಗೆ ಪೊಲೀಸರು ಕಂಪನಿಯ ಇಬ್ಬರನ್ನು ಕಟ್ಟಿಕೊಂಡು ಬಂದು ಮನೆ ಜಾಲಾಡಿದರು. ಮಂಚದಡಿ ಟಾರ್ಚು ಬಿಟ್ಟರು. ನೀರಿನ ಡ್ರಮ್ಮಿನ ಮುಚ್ಚಳ ತೆಗೆದರು. ದಿನಕರನ ಅಂಗಿಗಳನ್ನು ಹೊರಗೆಳೆದು ಮೂಸಿದವನೂ ಇದ್ದ, ಬೆವರಿನ ವಾಸನೆ ಹೊಸದೋ ಹಳೆಯದೋ ಎಂದು. ವಾರಿಜ ಅವನ ಕೈಯಿಂದ ಅಂಗಿಯನ್ನು ಕಿತ್ತುಕೊಂಡಳು. “ನಿಮ್ಮ ಮನೆಯಲ್ಲಿ ಯಾರಾದರೂ ಸತ್ತಾಗ ಹೀಗೇ ಮೂಸುತ್ತೀರಾ?” ಎಂದು ಕಿರುಚಿದಳು. ಅವನು ತಲೆ ತಗ್ಗಿಸಿದ. ಆದರೆ ಪೇದೆ ಜಾಣ. ಗುಲಾಬಿಯ ಹತ್ತಿರ ಕೂತು, ಮೆಲ್ಲಗೆ, “ಮಗ ಎಲ್ಲಿ ಅಜ್ಜಿ?” ಎಂದು ಕೇಳಿದ.

ಗುಲಾಬಿಗೆ ಕೊನೆಗೂ ತನ್ನ ಮಾತು ಕೇಳುವವನು ಸಿಕ್ಕಿದ್ದ. “ದಿನಾ ಬತ್ತ ಮಗಾ. ಗೇಟಿನ ತನಕ ಬತ್ತ. ಮನಿಗೆ ಬಪ್ಪುದಿಲ್ಲೆ. ಎಂತಕ್ಕೋ ನಾಚ್ಕಿ. ನೀವ್ ಕಂಡ್ರೆ ಅಮ್ಮ ಕಾಯ್ತಿದ್ಲ್ ಅಂತ ಹೇಳಿ.”

ಅದನ್ನೇ ಬರೆದುಕೊಂಡರು. ಕೆಳಗೆ ಅವಳ ಹೆಬ್ಬೆಟ್ಟು ಒತ್ತಿಸಿಕೊಂಡರು. ತಾಯಿಯೇ ಒಪ್ಪಿಕೊಂಡಿದ್ದಾಳೆ ಎಂದು ಮಾರನೆಯ ದಿನ ಪತ್ರಿಕೆಯಲ್ಲಿ ಬಂತು.

ರಜೆ ತೆಗೆದುಕೊಳ್ಳುವ ಬದಲು ವಾರಿಜ ಪ್ರಯೋಗಾಲಯದಲ್ಲೇ ಬೀಡುಬಿಟ್ಟಳು. ಕಪಾಟಿನಲ್ಲಿ ಮಾದರಿ ಕಡಗಗಳಿದ್ದವು. ಎರಡನ್ನು ತೆಗೆದು, ಪರೀಕ್ಷೆಯ ಚೌಕಟ್ಟಿನೊಳಗೆ ದೂರ ದೂರ ಇಟ್ಟಳು. ತೆರೆಯ ಮೇಲೆ ಎರಡು ಚೂಪು ಗೆರೆ ಎದ್ದವು. ಎರಡು ಸ್ವರ. ಒಂದಕ್ಕೊಂದು ತಾಗಿಸಿ ಇಟ್ಟಳು. ಎರಡರ ಮುಂದೆ ಮೂರನೆಯ ಗೆರೆ ನೆಟ್ಟಗೆ ನಿಂತಿತು. ಮೊದಲಿನ ಎರಡರ ಮೊತ್ತ ಎಷ್ಟೋ ಅಷ್ಟೇ ಅದರ ಅಂಕಿ. ಬೇರೆ ಎರಡು ತೆಗೆದಳು, ಅಲ್ಲೂ ಮೊತ್ತ. ಮತ್ತೆರಡು, ಮತ್ತೆ ಮೊತ್ತ. ಇದು ನಗಣ್ಯವೇ? ಈ ಮೂರನೆಯ ಗೆರೆ ಮೊದಲ ಎರಡರ ಅರ್ಧದಷ್ಟು ಎತ್ತರವಿತ್ತು. ಕುರುಡನಿಗೂ ಕಾಣುವಷ್ಟಿತ್ತು.

ಆಮೇಲೆ ಅವಳು ತನ್ನ ಮನೆಯವರ ಕಡಗಗಳ ಸ್ವರದ ಅಂಕಿಗಳನ್ನು ನೋಡಿದಳು. ಅವು ಎಲ್ಲರ ಪಡಿತರ ಚೀಟಿಯ ಮೇಲೂ ಅಚ್ಚಾಗಿರುವ ಅಂಕಿಗಳು, ಗುಟ್ಟೇನಲ್ಲ. ಅತ್ತೆಯದಕ್ಕೆ ತನ್ನದನ್ನು ಕೂಡಿದಳು. ಬಂದದ್ದು ದಿನಕರನ ಅಂಕಿ. ಒಂದು ಚೂರೂ ಆಚೆ ಈಚೆ ಇಲ್ಲ.

ಸಚ್ಚಿದಾನಂದರ ಪ್ರಶ್ನೆ ಈಗ ಅವಳದೇ ಆಯಿತು. ಲಕ್ಷಾಂತರದಲ್ಲಿ ಇದೇ ಯಾಕೆ? ಕಾಕತಾಳೀಯ ಎಂದು ನಂಬುವವಳಲ್ಲ ಅವಳು. ಕಡಗ ತೊಡಿಸಿದ ದಿನವನ್ನು ನೆನೆಸಿಕೊಂಡಳು.

ಎರಡು ತಿಂಗಳ ಹಿಂದೆ ಮೀನುಗಾರರ ಸೊಸೈಟಿಯ ಹಾಲ್‌ನಲ್ಲಿ ಸಾಲು ನಿಂತಿತ್ತು. ಮೊದಲು ವಾರಿಜ ತೊಟ್ಟಳು, ಆಮೇಲೆ ಗುಲಾಬಿ. ದಿನಕರನ ಸರದಿ ಬಂದಾಗ ಗುಲಾಬಿ ಪಕ್ಕಕ್ಕೆ ಸರಿಯಲಿಲ್ಲ. ಅವಳ ತವರಿನಲ್ಲೊಂದು ಕಟ್ಟಳೆ. ಕಡಲಿಗೆ ಹೋಗುವ ಗಂಡಸಿನ ಮೈಗೆ ಹೊಸ ಲೋಹ ಬೀಳುವಾಗ ಮನೆಯ ಹೆಂಗಸರ ಕೈ ಅದರ ಮೇಲಿರಬೇಕು. ಚೂರಿಯಾಗಲಿ, ಉಂಗುರವಾಗಲಿ, ಗಾಳವೇ ಆಗಲಿ. “ಬಾ ಹೆಣೆ, ನೀನೂ ಕೈ ಇಡ್” ಎಂದು ಸೊಸೆಯನ್ನೂ ಎಳೆದಳು. ದಿನಕರನ ಮಣಿಕಟ್ಟಿನ ಮೇಲೆ ಎರಡು ಹೆಂಗಸರ ಕೈ, ಎರಡು ಕಡಗ. “ದೂರ ನಿಲ್ಲಿ ಅಜ್ಜಿ” ಎಂದು ಗುಮಾಸ್ತ ಗದರಿದ. ಅಜ್ಜಿ ನಿಲ್ಲಲಿಲ್ಲ. ಸಾಲು ಬೆಳೆದಿತ್ತು. ಸ್ವರ ಕೇಳಿ ಹೆಸರು ದಾಖಲಿಸುವ ಯಂತ್ರ ಒಮ್ಮೆ ಕೆಂಪಾಗಿ, ತಡವರಿಸಿ, ಹಸಿರಾಯಿತು. “ಆಯ್ತು, ಮುಂದಿನವರು” ಎಂದ.

ಈಗ ವಾರಿಜಳಿಗೆ ಹೊಳೆಯಿತು. ದಿನಕರನ ಕಡಗಕ್ಕೆ ಸ್ವರವೇ ಇರಲಿಲ್ಲ. ಮೊದಮೊದಲು ಎರಕ ಹೊಯ್ದವುಗಳಲ್ಲಿ ಕೆಲವು ಕಲಬೆರಕೆಯಾಗಿ ಮೂಕವಾಗಿದ್ದವು, ಅದು ಪ್ರಯೋಗಾಲಯದಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ಗೊತ್ತಿರುವ ಎರಡು ಸ್ವರ ಬಿಟ್ಟು ಮೂರನೆಯದಕ್ಕಾಗಿ ಯಂತ್ರ ತಡಕಾಡಿತು. ಹೆಂಡತಿ ಮತ್ತು ತಾಯಿಯ ಕಡಗಗಳು ಬೆರೆತು ಹುಟ್ಟಿಸಿದ ಸ್ವರ ಸಿಕ್ಕಿತು, ಅದಕ್ಕೆ ಅವನ ಹೆಸರು ಅಂಟಿಸಿತು.

ಆಮೇಲೆ ನೆನಪುಗಳು ಒಂದೊಂದಾಗಿ ಬಂದು ಜೋಡಿಕೊಂಡವು. ಅವನು ಒಬ್ಬನೇ ಗೇಟು ದಾಟಿದಾಗಲೆಲ್ಲ ಅದು “ಗುರುತಿಲ್ಲ” ಎನ್ನುತ್ತಿತ್ತು. ಗೇಟಿನ ಇಕ್ಕಟ್ಟಿನಲ್ಲಿ ಮೂವರೂ ಒತ್ತಿಕೊಂಡು ಬಂದಾಗ ಮಾತ್ರ ಒಮ್ಮೊಮ್ಮೆ ಹೆಸರು ಹೇಳುತ್ತಿತ್ತು. “ನಿಮ್ಮಿಬ್ರನ್ ಬಿಟ್ರೆ ನಂಗೆ ಈ ಊರಂಗೆ ಹೆಸ್ರೇ ಇಲ್ಲೆ ಕಾಣ್” ಎಂದು ಅವನು ನಗುತ್ತಿದ್ದ. ಜೆಟ್ಟಿಯಲ್ಲೂ ಗೇಟು ಅವನನ್ನು ಬಿಡುತ್ತಿರಲಿಲ್ಲ. ಸೂಪರ್‌ವೈಸರ್ ಪಕ್ಕದ ಬಾಗಿಲು ತೆಗೆದು ಒಳಗೆ ಬಿಡುತ್ತಿದ್ದ. ದೂರು ಕೊಟ್ಟರೆ, ಸರಿಮಾಡುತ್ತೇವೆ ಎಂದಿದ್ದರು. ಆ ಸೂಪರ್‌ವೈಸರ್ ಕೂಡ ಕ್ರೇನಿನೊಂದಿಗೇ ಮುಳುಗಿದ. ಹಾಗೆ ದಿನಕರ ಕೆಲಸಕ್ಕೆ ಹೋದದ್ದಕ್ಕೆ ಸಾಕ್ಷಿ ಇಲ್ಲ, ಸತ್ತ ಮೇಲೆ ಮನೆಗೆ ಬಂದದ್ದಕ್ಕೆ ಸಾಕ್ಷಿ ಇದೆ! ಇದ್ದಾಗ ಇಲ್ಲ ಎಂದ ಯಂತ್ರ, ಇಲ್ಲದಾಗ ಇದ್ದಾನೆ ಎನ್ನುತ್ತಿದೆ. ವಾರಿಜ ಮೇಜನ್ನು ಮುಷ್ಟಿಯಿಂದ ಗುದ್ದಿದಳು. ಕಡಗಗಳೆಲ್ಲ ಕುಣಿದು ನೆಲಕ್ಕೆ ಬಿದ್ದವು.

ಅತ್ತೆಗೆ ಹೇಳಲೇಬೇಕಾಗಿತ್ತು. ಹೇಳುವುದು ಹೇಗೆ? ಒಲೆಯ ಮುಂದೆ ಕೂತು ಮಾತು ತೆಗೆದಳು.

“ಅತ್ತೆ, ಗೇಟ್ ಹೇಳುದ್ ಅವ್ರ ಹೆಸ್ರಲ್ಲ. ನಿಮ್ ಕಡಗ, ನನ್ ಕಡಗ ಹತ್ರ ಬಂದ್ರೆ ಹುಟ್ಟುದ್ ಅದ್. ಅವ್ರ್ ಇಲ್ಲೆ.”

“ಹಾಂಗಂತ ಯಾರ್ ಹೇಳಿದ್?”

“ನಾನೇ ಅಳ್ದ್ ಕಂಡೆ. ಇದ್ ಆತ್ತ್ ಅಂತ ಮೊದ್ಲೇ ಹೇಳಿದ್ದೆ. ನಗಣ್ಯ ಅಂದ್ರ್.”

“ನಗಣ್ಯ ಅಂದ್ರೆ ಎಂತದ್?”

“ಲೆಕ್ಕಕ್ಕೆ ಇಲ್ದಿದ್ದದ್ದ್.”

ಗುಲಾಬಿ ಕೈಯಲ್ಲಿದ್ದ ಸೌಟನ್ನು ನೆಲಕ್ಕೆ ಎಸೆದಳು. “ನನ್ ಮಗ ಲೆಕ್ಕಕ್ಕಿಲ್ಯಾ? ಲೋಹ ಸುಳ್ಳ್ ಹೇಳುದಿಲ್ಲೆ ಅಂತ ನೀವೇ ಬೋರ್ಡ್ ಹಾಕಿದ್ರಿ. ಅವ ಇದ್ದ ಅಂತ ಹೇಳ್ದ್ ಕೂಡ್ಲೆ ಅದ್ ಸುಳ್ಳಾಯ್ತಾ? ನಿಂಗೆ ಅವ ಸಾಯ್ಕ್ ಅಲ್ದಾ? ಸತ್ತ ಅಂತ ಬರ್ಸಿ ಮುಗ್ಸ್ಕ್ ಅಲ್ದಾ?”

“ಅತ್ತೆ!” ವಾರಿಜಳಿಗೆ ಅಳುವಿಗಿಂತ ಮುಂಚೆ ಸಿಟ್ಟು ಬಂತು. “ಅವ್ರ್ ಇದ್ರೆ ಸಾಕ್ ಅಂತ ನಂಗಿಲ್ಯಾ? ಆದ್ರೆ ಇದ್ರೆ ಅವ್ರ್ ಕೊಲೆಗಾರ! ಅದ್ ನಿಮ್ಗೆ ಬೇಕಾ?”

ಆ ದಿನ ಇಬ್ಬರೂ ಉಣ್ಣಲಿಲ್ಲ. ಹುರಿದ ಬಂಗುಡೆ ಬೆಕ್ಕಿಗಾಯಿತು.

ಅಪಘಾತದ ವಿಚಾರಣೆ ತಾಲ್ಲೂಕು ಕಚೇರಿಯ ಹಾಲ್‌ನಲ್ಲಿ ನಡೆಯಿತು. ವಿಚಾರಣಾಧಿಕಾರಿ ಹಂಪಣ್ಣವರ ಮೇಡಂ ಬಡಗಣ ಸೀಮೆಯವರು, ಕಡ್ಡಿ ಮುರಿದಂತೆ ಮಾತಾಡುವವರು. ವಾರಿಜ ಹಲಗೆಯ ಮೇಲೆ ಲೆಕ್ಕ ಬರೆಯಲು ಹೊರಟಾಗ ಅವರು ಕೈ ಅಡ್ಡ ಹಿಡಿದರು. “ಲೆಕ್ಕಾ ಬ್ಯಾಡ್ರಿ. ಲೆಕ್ಕಾ ಇವರೂ ತಂದಾರ. ಕಣ್ಣಿಗೆ ಕಾಣೂಹಂಗ ತೋರಸ್ರಿ.” ಹಾಲ್‌ನ ಬಾಗಿಲಿಗೇ ಒಂದು ಗೇಟು ಹೂಡಿಸಿದ್ದರು. ಒಂದು ಕಡೆ ಕಂಪನಿಯ ವಕೀಲ, ಇನ್ನೊಂದು ಕಡೆ ತಜ್ಞರ ಕುರ್ಚಿಯಲ್ಲಿ ಸಚ್ಚಿದಾನಂದರು.

ಗುಲಾಬಿ ಬರಲು ಒಪ್ಪಿದ್ದಳು. ಒಪ್ಪಿದ್ದು ಸೊಸೆಗಾಗಿ ಅಲ್ಲ, ಅಷ್ಟು ದೊಡ್ಡ ಜನರ ಮುಂದೆ ಮಗನ ಹೆಸರು ಕೇಳಲಿ ಎಂದು. ಇಸ್ತ್ರಿಯ ಸೀರೆ ಉಟ್ಟಿದ್ದಳು. ಸೊಸೆಯ ಕೈ ಹಿಡಿದು ಗೇಟು ದಾಟಿದಳು.

“ವಾರಿಜ. ಗುಲಾಬಿ. ದಿನಕರ. ಸ್ವಾಗತ.”

ಹಾಲ್‌ನಲ್ಲಿ ಗುಸುಗುಸು ಎದ್ದಿತು. ಗುಲಾಬಿಯ ಮುಖ ಅರಳಿತು. “ಕೇಂಡ್ರ್ಯಾ?” ಎಂದಳು, ಯಾರಿಗೆಂದಿಲ್ಲದೆ.

“ಈಗ ಬೇರೆ ಬೇರೆಯಾಗಿ ಬರುತ್ತೇವೆ ಮೇಡಂ,” ಎಂದಳು ವಾರಿಜ. “ಅತ್ತೆ, ಕೈ ಬಿಡಿ. ಗೋಡೆ ಹಿಡ್ಕಂಡ್ ನೀವೊಬ್ರೇ ಬನ್ನಿ.”

ಗುಲಾಬಿ ಬಿಡಲಿಲ್ಲ. ಎರಡೂ ಕೈಯಿಂದ ಸೊಸೆಯ ಮಣಿಕಟ್ಟನ್ನು ಬಿಗಿಹಿಡಿದಳು. ವಾರಿಜ ಬಿಡಿಸಿಕೊಳ್ಳಬಹುದಾಗಿತ್ತು, ಮುದುಕಿಯ ಹಿಡಿತ ಎಷ್ಟು? ಆದರೆ ತನ್ನ ಕೈಯಾರೆ ಕಿತ್ತುಕೊಳ್ಳಲು ಅವಳಿಂದ ಆಗಲಿಲ್ಲ. “ಅತ್ತೆ,” ಎಂದಳು ಮತ್ತೊಮ್ಮೆ. ಗುಲಾಬಿ ಒಲ್ಲೆನೆಂದು ತಲೆಯಾಡಿಸಿದಳು.

ಸಚ್ಚಿದಾನಂದರು ಗಂಟಲು ಸರಿಮಾಡಿಕೊಂಡರು. “ನಮ್ಮ ವರದಿಯ ಪ್ರಕಾರ ಇಂಥ ಪರಿಣಾಮ ನಗಣ್ಯ ಮೇಡಂ.”

ವಕೀಲನಿಗೆ ಅಷ್ಟು ಸಾಕಾಯಿತು. ಎದ್ದು ನಿಂತು, ಕೋಟು ಸರಿಪಡಿಸಿಕೊಂಡು ಹೇಳಿದ. “ತಾಯಿಗೇ ಗೊತ್ತಿದೆ ಮೇಡಂ, ಮಗ ಎಲ್ಲಿದ್ದಾನೆಂದು. ಹೆಬ್ಬೆಟ್ಟು ಕೂಡ ಒತ್ತಿದ್ದಾರೆ. ಆ ದಿನ ಕೆಲಸಕ್ಕೆ ಬಾರದೆ, ನಾಲ್ಕು ಜನ ನೀರಿನಲ್ಲಿ ಉಸಿರುಗಟ್ಟಿ ಸಾಯುವಾಗ ಜೀವ ಉಳಿಸಿಕೊಂಡು ಓಡಿಹೋದವನು, ದಿನಾ ಸಂಜೆ ಕಳ್ಳನಂತೆ ಬಂದು ಹೋಗುತ್ತಿದ್ದಾನೆ.”

ಗುಲಾಬಿಯ ಮುಖ ಆ ದನಿ ಬಂದತ್ತ ತಿರುಗಿತು. “ಎಂತ ಅಂದ್ಯಾ?”

ಸೊಸೆಯನ್ನೂ ಎಳೆದುಕೊಂಡು ಅವಳು ಒಂದು ಹೆಜ್ಜೆ ಮುಂದಿಟ್ಟಳು.

“ನಾಕ್ ಜನ ಮುಳ್ಗುವಾಗ ನನ್ ಮಗ ಓಡಿ ಹೋಯಿದ್ದ ಅಂದ್ಯಾ? ಬೇರೆಯವ್ರ ದೋಣಿ ಮಗ್ಚಿರೆ ಊಟದ ತಟ್ಟೆ ಬಿಟ್ಟ್ ನೀರಿಗ್ ಹಾರ್ದವ ಅವ. ಹತ್ತ್ ವರ್ಷದವ ಇಪ್ಪುವಾಗ್ಳೇ ಹಾರಿದ್ದ. ನಾ ಕೈ ಹಿಡ್ದ್ ಎಳ್ದ್ರೂ ನಿಲ್ಲಲಿಲ್ಲೆ. ಅವ ಓಡಿ ಹೋತ್ನಾ? ಅವ ಹೆದ್ರಿ ಗೇಟಿನ್ ಹತ್ರ ಅಡ್ಗಿ ನಿಲ್ತ್ನಾ? ಅಮ್ಮ ಕಾಯ್ತಿದ್ಲ್ ಅಂತ ಗೊತ್ತಿದ್ದೂ ಮನಿಗ್ ಬರ್ದೆ ಇರ್ತ್ನಾ?”

ಕೊನೆಯ ಪ್ರಶ್ನೆಯನ್ನು ಅವಳು ವಕೀಲನಿಗೆ ಕೇಳಿದ್ದಳು, ಆದರೆ ಅದು ಅವಳಿಗೇ ತಾಗಿತ್ತು. ಇಷ್ಟು ದಿನ ಅವಳು ನಾಚಿಕೆಯೆಂದು ಸಮಾಧಾನ ಹೇಳಿಕೊಂಡಿದ್ದಳು. ದಿನಕರ ಬದುಕಿದ್ದರೆ ಮನೆಗೆ ಬರುತ್ತಿದ್ದ. ಬರದಿದ್ದರೆ ಅವನು ಅವಳ ಮಗನೇ ಅಲ್ಲ.

ವಾರಿಜಳ ಮಣಿಕಟ್ಟಿನ ಮೇಲಿನ ಬೆರಳುಗಳು ಒಂದೊಂದಾಗಿ ಸಡಿಲಾದವು. ಗುಲಾಬಿ ಕೈ ಬಿಟ್ಟಳು. ಗೋಡೆ ತಡವುತ್ತ ಹೊರಗೆ ಹೋದಳು. ಹೊಸ್ತಿಲು ಎಡವಿದಳು. ಪೇದೆಯೊಬ್ಬ ಹಿಡಿಯಲು ಬಂದರೆ, “ಮುಟ್ಟ್‌ಬೇಡ” ಎಂದು ಗದರಿದಳು. ತಿರುಗಿ, ಎರಡೂ ಕೈ ಎದೆಗೊತ್ತಿಕೊಂಡು, ಒಬ್ಬಳೇ ಗೇಟಿನೊಳಗೆ ಬಂದು ನಿಂತಳು.

“ಗುಲಾಬಿ. ಸ್ವಾಗತ.”

ಅವಳು ಇನ್ನೂ ಕಾದಳು. ಗೇಟು ಮತ್ತೇನೂ ಹೇಳಲಿಲ್ಲ. ವಾರಿಜ ಹೊರಗೆ ಹೋಗಿ ಒಬ್ಬಳೇ ಬಂದಳು. ಅವಳ ಹೆಸರೂ ಅಷ್ಟೆ, ಒಂದೇ.

“ಬರ್ಕಣಿ,” ಎಂದಳು ಗುಲಾಬಿ. ಅಧಿಕಾರಿ ಎಲ್ಲಿ ಕೂತಿದ್ದಾರೆಂದು ಅವಳಿಗೆ ಕಾಣುತ್ತಿರಲಿಲ್ಲ, ಹಾಲ್‌ಗೆಲ್ಲ ಹೇಳಿದಳು. “ನನ್ ಮಗ ಆ ದಿನ ಕೆಲ್ಸಕ್ಕೆ ಹೋಯಿದ್ದ. ಉಳ್ದವ್ರ್ ಒಟ್ಟಿಗೆ ಸತ್ತ್ ಹೋಯಿದ್ದ. ಬರ್ಕಣಿ. ಬರ್ದದ್ದ್ ಓದಿ ಹೇಳಿ ನಂಗೆ. ಆಗ್ಳಿಕೆ ಹೆಬ್ಬೆಟ್ಟ್ ಒತ್ತಿಸ್ಕಂಡ್ ಹೋದಾಂಗೆ ಮಾಡ್‌ಬೇಡಿ.”

ಹಂಪಣ್ಣವರ ಮೇಡಂ ತಾವೇ ಬರೆದರು, ತಾವೇ ಓದಿ ಹೇಳಿದರು. ಆಮೇಲೆ ಸಚ್ಚಿದಾನಂದರ ಕಡೆ ತಿರುಗಿ, “ನಗಣ್ಯ ಅಂದ್ರಲ್ರಿ ಸರ, ಯಾರು ನಗಣ್ಯ?” ಎಂದು ಕೇಳಿದರು. ಅವರು ಕನ್ನಡಕ ಒರೆಸಿಕೊಂಡರು. ಬರುವ ವರ್ಷ ಲೆಕ್ಕ ತಿದ್ದುತ್ತೇವೆ, ಅಲ್ಲಿಯವರೆಗೆ ಒಂದು ತಾತ್ಕಾಲಿಕ ವ್ಯವಸ್ಥೆ ಮಾಡುತ್ತೇವೆ ಎಂದರು.

ಪರಾರಿ ಎಂಬ ಮಾತನ್ನು ಪತ್ರಿಕೆ ಒಳಪುಟದಲ್ಲಿ, ಹುಡುಕಿದರೆ ಸಿಗುವಷ್ಟು ಸಣ್ಣ ಅಕ್ಷರದಲ್ಲಿ ಹಿಂತೆಗೆದುಕೊಂಡಿತು. ದಿನಕರ ಸತ್ತನೆಂದು ದಾಖಲಾಯಿತು. ಅವನ ಹೆಸರನ್ನು ಗೇಟುಗಳಿಂದ ಅಳಿಸಿದರು. ಸಚ್ಚಿದಾನಂದರ ತಾತ್ಕಾಲಿಕ ವ್ಯವಸ್ಥೆಯೂ ಬಂತು. ಅದೊಂದು ತಗಡಿನ ಬೋರ್ಡು.

ತಿಥಿಯ ಊಟ ಮುಗಿದ ಸಂಜೆ, ಅತ್ತೆ ಸೊಸೆ ಕಡಲಿನಿಂದ ಹಿಂದಿರುಗುತ್ತಿದ್ದರು. ಗೇಟಿನ ಮುಂದೆ ವಾರಿಜಳ ಹೆಜ್ಜೆ ನಿಂತದ್ದು ಗೊತ್ತಾಗಿ ಗುಲಾಬಿ ಕೇಳಿದಳು, “ಎಂತ ಹೆಣೆ?”

“ಬೋರ್ಡ್ ಹಾಕಿದ್ರ್ ಅತ್ತೆ. ಒಬ್ಬೊಬ್ಬರಾಗಿ ಬನ್ನಿ, ಕೈ ಹಿಡಿದುಕೊಳ್ಳಬೇಡಿ ಅಂತ.”

“ಕಣ್ ಕಾಣ್ದವ್ಳ್ ಕೈ ಬಿಡ್ ಅಂಬ್ರಾ?” ಗುಲಾಬಿ ಸೊಸೆಯ ಕೈಯನ್ನು ಮತ್ತಷ್ಟು ಬಿಗಿಯಾಗಿ ಹಿಡಿದಳು. “ನಡಿ.”

ಇಬ್ಬರೂ ಒಟ್ಟಿಗೇ ಒಳಗೆ ಬಂದರು. ಗೇಟು ಕೆಂಪು ದೀಪ ಹೊತ್ತಿಸಿ ಕೂಗಿಕೊಂಡಿತು.

“ವಾರಿಜ. ಗುಲಾಬಿ. ಗುರುತಿಲ್ಲದ ಒಬ್ಬರು.”

ಗುಲಾಬಿ ನಿಂತಳು. ಗೇಟಿನ ಕಂಬವೆಲ್ಲಿದೆ ಎಂದು ಕೈಚಾಚಿ ತಡವಿ, ಅದರ ಮುಖಕ್ಕೆ ಮುಖ ಕೊಟ್ಟು, ಕಾಲೊನಿಗೆಲ್ಲ ಕೇಳುವಂತೆ ಬೈದಳು.

“ಗುರ್ತ್ ಇಲ್ದೆ ಎಂತ ನಿಂಗೆ? ನನ್ ಮಗ ಅವ. ದಿನಕರ.”